ಆಡು-ಹುಲಿ ಆಟ

ಆಡು-ಹುಲಿ ಆಟ ಅಥವಾ ಹುಲಿ-ಕುರಿ ಆಟವು ದಕ್ಷಿಣ ಭಾರತದ ಸಾಂಪ್ರದಾಯಿಕ ಮಣೆಯಾಟಗಳಲ್ಲಿ ಒಂದು. ಇಬ್ಬರು ಆಡುವ ಈ ಆಟದಲ್ಲಿ ಒಬ್ಬರಿಗೆ ಮೂರು ಹುಲಿಗಳು, ಇನ್ನೊಬ್ಬರಿಗೆ ಸಾಮಾನ್ಯವಾಗಿ 15 ಆಡುಗಳು ಇರುತ್ತವೆ. ಚೌಕಾಬಾರದಂತೆ ಇಲ್ಲಿ ಕವಡೆಯ ಬಳಕೆ ಇಲ್ಲ. ಆದ್ದರಿಂದ ಫಲಿತಾಂಶವು ಅದೃಷ್ಟವನ್ನು ಅವಲಂಬಿಸುವುದಿಲ್ಲ. ಎರಡು ಪಕ್ಷಗಳ ಸಂಖ್ಯೆ, ಚಲನೆ ಮತ್ತು ಗುರಿ ಬೇರೆಬೇರೆಯಾಗಿದ್ದು, ಅವುಗಳ ನಡುವಿನ ಸಮತೋಲನವನ್ನು ನಿಯಮಗಳೇ ಕಾಯುತ್ತವೆ.

ಮಣೆ

ಮಣೆಯು ಒಂದು ತ್ರಿಕೋನ ಹಾಗೂ ಅದನ್ನು ಅಡ್ಡಲಾಗಿ ದಾಟುವ ಒಂದು ಆಯತದಿಂದ ಕೂಡಿದೆ. ಶಿಖರದಿಂದ ನಾಲ್ಕು ಗೆರೆಗಳು ತಳಕ್ಕೆ ಇಳಿಯುತ್ತವೆ. ಶಿಖರದಲ್ಲಿ 1, ಮೂರು ಅಡ್ಡಗೆರೆಗಳಲ್ಲಿ ತಲಾ 6 ಮತ್ತು ತಳದಲ್ಲಿ 4, ಹೀಗೆ ಒಟ್ಟು 23 ಬಿಂದುಗಳಿವೆ. ನೆಲದ ಮೇಲೆ ಸೀಮೆಸುಣ್ಣ ಅಥವಾ ಇದ್ದಿಲಿನಿಂದ ಗೆರೆ ಎಳೆದು, ಕಲ್ಲು ಮತ್ತು ಹುಣಸೆಬೀಜಗಳನ್ನು ಕಾಯಿಗಳಾಗಿ ಬಳಸಬಹುದು.

ನಿಯಮಗಳು

ಸಾಮಾನ್ಯ ಪದ್ಧತಿಯಲ್ಲಿ ಒಂದು ಹುಲಿಯನ್ನು ಶಿಖರದಲ್ಲಿಯೂ ಉಳಿದೆರಡನ್ನು ಅದರ ಕೆಳಗಿನ ಅಡ್ಡಗೆರೆಯಲ್ಲಿಯೂ ಇಡಲಾಗುತ್ತದೆ. ಆಡಿನ ಪಕ್ಷದವರು ಪ್ರತಿ ಸರದಿಗೆ ಒಂದು ಆಡನ್ನು ಖಾಲಿ ಬಿಂದುವಿನಲ್ಲಿ ಇಡುತ್ತಾರೆ. ಎಲ್ಲ ಆಡುಗಳನ್ನು ಇಟ್ಟು ಮುಗಿಯುವವರೆಗೆ ಅವುಗಳನ್ನು ನಡೆಸುವಂತಿಲ್ಲ. ಹುಲಿಗಳು ಮಾತ್ರ ಆ ಅವಧಿಯಲ್ಲಿಯೂ ಚಲಿಸುತ್ತವೆ. ಪಕ್ಕದ ಆಡಿನ ಆಚೆ ಅದೇ ಗೆರೆಯ ಮುಂದಿನ ಬಿಂದು ಖಾಲಿಯಿದ್ದರೆ ಹುಲಿಯು ಅದನ್ನು ಹಾರಿ ಆಡನ್ನು ತೆಗೆಯುತ್ತದೆ. ಮೂರು ಹುಲಿಗಳಿಗೂ ಚಲಿಸಲು ದಾರಿಯಿಲ್ಲದಂತೆ ಕಟ್ಟಿಹಾಕಿದರೆ ಆಡಿನ ಪಕ್ಷಕ್ಕೆ ಗೆಲುವು.

ಸಮತೋಲನ

ಎಲ್ಲ ಕಾಯಿಗಳೂ ಮಣೆಯ ಮೇಲಿದ್ದಾಗ ಐದು ಬಿಂದುಗಳು ಮಾತ್ರ ಖಾಲಿ ಉಳಿಯುತ್ತವೆ. ಒಂದೊಂದು ಆಡು ಹೋದಂತೆ ಖಾಲಿ ಜಾಗ ಹೆಚ್ಚಿ, ಹುಲಿಯ ಹಾರುವಿಕೆ ಸುಲಭವಾಗುತ್ತದೆ. ಆದ್ದರಿಂದ ಆರಂಭದ ನಷ್ಟವೇ ಆಡಿನ ಪಕ್ಷಕ್ಕೆ ಹೆಚ್ಚು ಅಪಾಯಕಾರಿ. ತಳದ ಎರಡು ತುದಿಗಳು ಮತ್ತು ಆಯತದ ನಾಲ್ಕು ಮೂಲೆಗಳಲ್ಲಿರುವ ಆಡುಗಳನ್ನು ಹಾರಿ ತೆಗೆಯಲು ಸಾಧ್ಯವಿಲ್ಲ; ಅವುಗಳ ಆಚೆ ಗೆರೆ ಮುಂದುವರಿಯುವುದಿಲ್ಲ.

ನೇಪಾಳದ 'ಬಾಘ್ ಚಾಲ್' ಇದರ ಹತ್ತಿರದ ಆಟ. ಅದರಲ್ಲಿ 25 ಬಿಂದುಗಳು, 4 ಹುಲಿಗಳು ಮತ್ತು 20 ಆಡುಗಳಿದ್ದು, ಐದು ಆಡುಗಳನ್ನು ತೆಗೆದರೆ ಹುಲಿ ಗೆಲ್ಲುತ್ತದೆ. ಎರಡೂ ಪಕ್ಷಗಳು ದೋಷವಿಲ್ಲದೆ ಆಡಿದರೆ ಆ ಆಟವು ಸಮವಾಗಿ ಮುಗಿಯುತ್ತದೆ ಎಂದು ಲಿಮ್ ಯೂ ಜಿನ್ ಮತ್ತು ಯುರ್ಗ್ ನೀವರ್ಗೆಲ್ಟ್ ಗಣಕಯಂತ್ರದ ನೆರವಿನಿಂದ ತೋರಿಸಿದ್ದಾರೆ.

ನಿಯಮಭೇದಗಳು

ಹುಲಿ ಗೆಲ್ಲಲು ಎಷ್ಟು ಆಡುಗಳನ್ನು ತೆಗೆಯಬೇಕು, ಒಂದೇ ಸರದಿಯಲ್ಲಿ ಮತ್ತೆ ಹಾರಬಹುದೇ, ಹುಲಿಗಳನ್ನು ಮೊದಲೇ ಇಡಬೇಕೇ ಅಥವಾ ಸರದಿಯಂತೆ ಇಡಬೇಕೇ ಎಂಬುದನ್ನು ಆಡುವವರು ಮೊದಲೇ ಒಪ್ಪಿಕೊಳ್ಳಬೇಕಾಗುತ್ತದೆ. ಇವುಗಳಲ್ಲಿ ಒಂದು ಬದಲಾದರೂ ಯಾವ ಪಕ್ಷಕ್ಕೆ ಅನುಕೂಲ ಎಂಬುದು ಬದಲಾಗುತ್ತದೆ. 1974ರಲ್ಲಿ ಪ್ರಕಟವಾದ ಪಾತ್ರಾಭಿನಯದ ಆಟ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'ನಲ್ಲಿ ಇಂತಹ ತಿದ್ದುಪಡಿಗಳು ಹೊಸ ಆವೃತ್ತಿಗಳಾಗಿ ಅಚ್ಚಾಗುತ್ತವೆ. ಆಟದ ವೇಳೆ ನಿರ್ವಾಹಕನೊಬ್ಬ ಸಮತೋಲನವನ್ನು ನೋಡಿಕೊಳ್ಳುತ್ತಾನೆ. ಆಡು-ಹುಲಿ ಆಟದಲ್ಲಿ ನಿರ್ವಾಹಕನಿಲ್ಲ. ಪಕ್ಷ ಬದಲಿಸಿ ಎರಡು ಸಲ ಆಡುವುದೇ ನ್ಯಾಯದ ಸರಳ ಮಾರ್ಗ.

ಆನೆಗೊಂದಿ-ಹಂಪಿ ಪರಿಸರ

ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಆನೆಗೊಂದಿಗೆ ಎದುರಾಗಿ, ತುಂಗಭದ್ರೆಯ ಇನ್ನೊಂದು ದಡದಲ್ಲಿ ಹಂಪಿ ಇದೆ. ವಿಜಯನಗರದ ಅವಶೇಷಗಳ ನಡುವೆ ಬಂಡೆ ಮತ್ತು ಕಲ್ಲುಹಾಸುಗಳ ಮೇಲೆ ಕೊರೆದ ಆಟದ ಮಣೆಗಳು ಕಂಡುಬರುತ್ತವೆ. ಪುರಾತತ್ತ್ವಜ್ಞೆ ಎಲ್ಕೆ ರೋಜರ್ಸ್‌ಡಾಟರ್ ಇವುಗಳ ಅಧ್ಯಯನ ನಡೆಸಿದ್ದಾರೆ. ಕಲ್ಲುಹಾಸು ಹಳೆಯದಾದರೂ ಗೆರೆಗಳನ್ನು ನಂತರದವರು ಕೊರೆದಿರಬಹುದಾದ್ದರಿಂದ ಅವುಗಳ ಕಾಲನಿರ್ಣಯ ಕಷ್ಟ.

ದಾಖಲೀಕರಣ

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) 'ಶ್ರೀತತ್ತ್ವನಿಧಿ'ಯ 'ಕೌತುಕನಿಧಿ' ಭಾಗದಲ್ಲಿ ಹಲವು ಮಣೆಯಾಟಗಳನ್ನು ಬರಹಕ್ಕಿಳಿಸಿದರು. ಊರಿನ ಕಟ್ಟೆಗಳಲ್ಲಿ ಆಡುವ ಆಟಗಳ ನಿಯಮಗಳು ಮಾತ್ರ ಹೆಚ್ಚಾಗಿ ಬಾಯಿಂದ ಬಾಯಿಗೆ ಬಂದವು. ಕಲ್ಲಿನಲ್ಲಿ ಕೊರೆದ ಮಣೆಯು ಗೆರೆಗಳನ್ನು ಉಳಿಸುತ್ತದೆಯೇ ಹೊರತು, ಆಡುಗಳ ಸಂಖ್ಯೆಯನ್ನಾಗಲಿ ಗೆಲುವಿನ ಷರತ್ತನ್ನಾಗಲಿ ಹೇಳುವುದಿಲ್ಲ. ಆದಕಾರಣ ಹಿರಿಯ ಆಟಗಾರರಿಂದ ನಿಯಮಗಳನ್ನು ಊರಿನ ಹೆಸರಿನೊಡನೆ ಬರೆದಿಡುವುದು, ಮಣೆಯ ಚಿತ್ರವನ್ನು ದಾಖಲಿಸುವಷ್ಟೇ ಮುಖ್ಯವಾಗಿದೆ.