ಹೋಗೋಮುಂದ ಇಲ್ಲ, ಬರೋಮುಂದ ಅದ

ನಮ್ಮ ಪಿಕಪ್ ಗಾಡಿಗೆ ನಡುಕ ಹತ್ತಿದ್ದು ನೆಲ್ಲಿನ ಸುಗ್ಗಿಯಲ್ಲಿ. ನಾರಾಯಣಪುರ ಎಡದಂಡೆ ಕಾಲುವೆಯ ನೀರುಂಡ ಹೊಲಗಳಲ್ಲಿ ಕಟಾವಿನ ಯಂತ್ರಗಳು ಹಗಲು ರಾತ್ರಿ ಓಡುತ್ತಿದ್ದವು. ತಮ್ಮನಿಗೆ ಒಂದು ದಿನವೂ ಬಿಡುವಿರಲಿಲ್ಲ. ಹೊಲದಿಂದ ನೆಲ್ಲು ತುಂಬಿಕೊಂಡು ಶಹಾಪುರ ಕಡೆಯ ಗಿರಣಿಗೆ ಹೋಗುವುದು, ಇಳಿಸಿ ಖಾಲಿ ಗಾಡಿಯಲ್ಲಿ ಮತ್ತೆ ಹೊಲಕ್ಕೆ ಬರುವುದು. ಗಾಡಿ ಓಡಿಸುವವನು ಅವನು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮಾಸ್ತರ. ಗಾಡಿಯ ಸಾಲ ಮಾತ್ರ ಇಬ್ಬರ ಹೆಗಲ ಮೇಲಿದೆ.

ಒಂದು ರಾತ್ರಿ ಊಟಕ್ಕೆ ಕುಂತಾಗ ಅವನು ರೊಟ್ಟಿ ಮುರಿಯದೆ ಬಲಗೈ ಬೆರಳು ಮಡಚಿ ಬಿಚ್ಚಿ ಮಾಡುತ್ತಿದ್ದ. ಏನಾಯಿತೋ ಅಂದೆ.

"ಜುಮು ಜುಮು ಅಂತದ ಅಣ್ಣಾ. ಐವತ್ತು ದಾಟಿತಂದ್ರ ಸಾಕು, ಗಾಡಿ ಗುಂಯ್ ಅಂತ ನಡುಗ್ಲಕತ್ತದ. ಸ್ಟೇರಿಂಗೂ ನಡುಗ್ತದ, ಕುಂತ ಸೀಟೂ ನಡುಗ್ತದ."

ಮೊದಲ ಗುಮಾನಿ ಚಕ್ರದ ಮೇಲೆಯೇ ಹೋಯಿತು. ನಮ್ಮದು ಎರಿ ಭೂಮಿ. ಹಸಿ ಇದ್ದಾಗ ಟೈರಿಗೆ ಕಣಕದಂತೆ ಮೆತ್ತಿಕೊಳ್ಳುವ ಈ ಕರಿ ಮಣ್ಣು ರಿಮ್ಮಿನ ಒಳಮಗ್ಗುಲಿಗೂ ಹೋಗಿ ಕೂರುತ್ತದೆ, ಬಿಸಿಲಿಗೆ ಒಣಗಿದರೆ ಕಲ್ಲಾಗುತ್ತದೆ. ಹೊರಗಿನಿಂದ ಪೈಪು ಹಿಡಿದು ತೊಳೆದರೆ ಕಣ್ಣಿಗೆ ಬೀಳುವುದೇ ಇಲ್ಲ. ಜಾಕ್ ಕೊಟ್ಟು ಮುಂದಿನ ಬಲಗಡೆಯ ಚಕ್ರ ಬಿಚ್ಚಿ ಬೋರಲು ಹಾಕಿದೆವು. ಸ್ಕ್ರೂಡ್ರೈವರ್ ತುದಿಯಿಂದ ಮೀಟಿದಾಗ ಕಟಕ ರೊಟ್ಟಿಯ ಚೂರಿನಂಥ ಹೆಂಟೆ ಟಪ್ಪನೆ ಕಳಚಿ ಬಿತ್ತು. ಅದರ ಹಿಂಬದಿಯಲ್ಲಿ ರಿಮ್ಮಿನ ಬೆಸುಗೆಯ ಗುರುತು ಅಚ್ಚೊತ್ತಿದಂತೆ ಮೂಡಿತ್ತು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿದರೆ 180 ಗ್ರಾಂ.

180 ಗ್ರಾಂ ಏನು ಮಹಾ ಅನ್ನಿಸುತ್ತದೆ. ಆದರೆ ಗಂಟೆಗೆ 54 ಕಿಲೋಮೀಟರ್ ವೇಗದಲ್ಲಿ ಆ ಚಕ್ರ ಸೆಕೆಂಡಿಗೆ ಏಳು ಸುತ್ತು ತಿರುಗುತ್ತದೆ. ಆ ವೇಗದಲ್ಲಿ ಅಷ್ಟೇ ಮಣ್ಣು ಸುಮಾರು ಆರು ಕಿಲೋ ಭಾರದ ಬಲದಿಂದ ಚಕ್ರವನ್ನು ಹೊರಕ್ಕೆ ಎಳೆಯುತ್ತದೆ, ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ, ಸೆಕೆಂಡಿಗೆ ಏಳು ಸಲ. ಸ್ಟೇರಿಂಗ್ ನಡುಗದೆ ಇದ್ದೀತೇ? ನಾಲ್ಕೂ ಚಕ್ರ ಕೆರೆದು ಸ್ವಚ್ಛ ಮಾಡಿದೆವು. ಸ್ಟೇರಿಂಗ್ ನಿಂತ ನೀರಿನಂತಾಯಿತು. ಸೀಟಿನ ನಡುಕ ಮಾತ್ರ ಹೋಗಲಿಲ್ಲ. ನಡುಕಗಳು ಎರಡಿದ್ದವು, ನಾವು ಒಂದೇ ಅಂದುಕೊಂಡಿದ್ದೆವು ಅನ್ನುವುದು ನನಗೆ ಹೊಳೆದದ್ದು ಬಹಳ ತಡವಾಗಿ.

ಮುಂದಿನ ಒಂದು ತಿಂಗಳು ರೊಕ್ಕ ಹೋದ ದಾರಿ ಹೇಳುತ್ತಾ ಕೂರುವುದಿಲ್ಲ. ಟೈರ್ ಬ್ಯಾಲೆನ್ಸಿಂಗ್ ಆಯಿತು. ಗೇರ್ ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ತಿರುವು ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸುಗಳನ್ನು, ಅಂದರೆ ಅದರ ಕೀಲುಗಳನ್ನು, ಬದಲಾಯಿಸಿದ್ದಾಯಿತು, ಸೆಂಟರ್ ಬೇರಿಂಗ್ ಹೊಸದು ಬಂತು. ಕಡೆಗೆ ಶಾಫ್ಟನ್ನೇ ಬಿಚ್ಚಿ ಕಲಬುರಗಿಗೆ ಒಯ್ದು ಲೇತಿನ ಮೇಲೆ ತಿರುಗಿಸಿ ತೂಕ ಸರಿ ಮಾಡಿಸಿ ತಂದೆವು. ಎಲ್ಲ ಸೇರಿ 12,000 ರೂಪಾಯಿ. ಕೆಲಸ ಮಾಡಿದವರಲ್ಲಿ ಯಾರೂ ಮೋಸ ಮಾಡಲಿಲ್ಲ. ನಡುಕ ಅಂದೆವು, ನಡುಕಕ್ಕೆ ತಮಗೆ ಗೊತ್ತಿದ್ದ ಮದ್ದು ಕೊಟ್ಟರು. ಯಾವ ನಡುಕ, ಯಾವಾಗಿನ ನಡುಕ ಅಂತ ನಾವೂ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ.

ಕೇಳದೆಯೇ ಹೇಳಿದವಳು ನಮ್ಮವ್ವ. ಕಣ್ಣು ತೋರಿಸಿಕೊಳ್ಳಬೇಕೆಂದು ಆಕೆ ಒಂದು ಬೆಳಿಗ್ಗೆ ನೆಲ್ಲಿನ ಗಾಡಿಯಲ್ಲೇ ತಮ್ಮನ ಪಕ್ಕ ಕೂತು ಶಹಾಪುರಕ್ಕೆ ಹೋಗಿ ಮಧ್ಯಾಹ್ನ ಅದೇ ಗಾಡಿಯಲ್ಲಿ ತಿರುಗಿ ಬಂದಳು. ಇಳಿಯುವಾಗ ಸೊಂಟ ಹಿಡಿದುಕೊಂಡಳು.

"ಹೋಗೋಮುಂದ ತೊಟ್ಟಿಲದಾಗ ಹಾಕಿ ತೂಗಿದಂಗ ಇತ್ತಪ್ಪ. ಬರೋಮುಂದ ಬೀಸೋಕಲ್ಲಿನ ಮ್ಯಾಲ ಕುಂತಂಗ ಆಯ್ತು ನೋಡು."

ಲೋಡ್ ಇದ್ದಾಗ ಗಾಡಿ ತೂಕಕ್ಕೆ ಕೂರುತ್ತದೆ, ಅದಕ್ಕೇ ಮೆತ್ತಗೆ ಓಡುತ್ತದೆ ಅಂತ ತಮ್ಮ ಆ ಮಾತನ್ನು ಅಲ್ಲಿಗೇ ಬಿಟ್ಟ. ನನಗೆ ಬಿಡಲಾಗಲಿಲ್ಲ. ತಗ್ಗು ದಿನ್ನೆಯಲ್ಲಿ ಖಾಲಿ ಗಾಡಿ ಕುಪ್ಪಳಿಸುವುದು ಬೇರೆ, ನುಣುಪು ಹೆದ್ದಾರಿಯಲ್ಲಿ ಬೀಸೋಕಲ್ಲಿನಂತೆ ಗುರ್ ಅನ್ನುವುದು ಬೇರೆ. ಬೀಸೋಕಲ್ಲು ಅಂದಳಲ್ಲ ಅವ್ವ, ಅದು ತಿರುಗುವ ವಸ್ತು. ಜೀವಮಾನ ಬೀಸಿದ ಕೈ ಸುಮ್ಮನೆ ಆ ಮಾತು ಆಡಿರಲಾರದು. ತಿರುಗುವ ಯಾವುದೋ ಒಂದು ನಡುಗುತ್ತಿದೆ, ಅದು ಭಾರ ಬಿದ್ದಾಗ ಸುಮ್ಮನಾಗುತ್ತಿದೆ. ಅದು ಯಾವುದು?

ಗಾಡಿಯಲ್ಲಿ ತಿರುಗುವುದೆಲ್ಲ ಒಂದೇ ವೇಗದಲ್ಲಿ ತಿರುಗುವುದಿಲ್ಲ. ನಡುಕವನ್ನು ಎಣಿಸಿದರೆ ನಡುಗುವವನ ಹೆಸರು ಸಿಗುತ್ತದೆ. ಭಾನುವಾರ ಊರ ಹೊರಗಿನ ಕಣದಲ್ಲಿ ಗಾಡಿ ನಿಲ್ಲಿಸಿ ಟೈರಿನ ಮೇಲೊಂದು, ಶಾಫ್ಟಿನ ಮೇಲೊಂದು ಸೀಮೆಸುಣ್ಣದ ಗೆರೆ ಎಳೆದೆ. ಓಣಿಯ ಹುಡುಗರು ಹಿಂದಿನಿಂದ ನಿಧಾನಕ್ಕೆ ತಳ್ಳಿದರು. ನಾನು ಪಕ್ಕದಲ್ಲಿ ಬಗ್ಗಿ ನಡೆಯುತ್ತಾ ಎಣಿಸಿದೆ. ಟೈರು ಒಂದು ಸುತ್ತು ಮುಗಿಸಿದಾಗ ಗಾಡಿ 2 ಮೀಟರ್ 15 ಸೆಂಟಿಮೀಟರ್ ಮುಂದೆ ಹೋಗಿತ್ತು, ಶಾಫ್ಟು ನಾಲ್ಕು ಸುತ್ತಿನ ಮೇಲೆ ಒಂಚೂರು ತಿರುಗಿತ್ತು. ಉಳಿದದ್ದು ಬರೀ ಗುಣಾಕಾರ. 54 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ 15 ಮೀಟರ್. ಚಕ್ರಕ್ಕೆ ಸೆಕೆಂಡಿಗೆ 7 ಸುತ್ತು, ಶಾಫ್ಟಿಗೆ 28 ಅಥವಾ 29.

ಈಗ ಗಾಡಿಯ ನಡುಕ ಎಣಿಸಬೇಕು. ಅದಕ್ಕೆ ಫೋನಿನಲ್ಲೇ ದಾರಿಯಿತ್ತು. ಜರ್ಮನಿಯ ಆಖೆನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಅನ್ನುವ ಆ್ಯಪ್ ಇದೆ, ಪುಕ್ಕಟೆ ಸಿಗುತ್ತದೆ. ಲೋಲಕದ ಪಾಠಕ್ಕೆಂದು ನಾನು ಇಳಿಸಿಕೊಂಡಿದ್ದೆ. ಫೋನಿನೊಳಗಿನ ಸಂವೇದಕ ಹಿಡಿದ ಅಲುಗಾಟವನ್ನು ಅದು ಸೆಕೆಂಡಿಗೆ ಎಷ್ಟು ಸಲದ್ದು ಎಷ್ಟು ಜೋರು ಅಂತ ಬಿಡಿಸಿ ಗೆರೆ ಎಳೆದು ತೋರಿಸುತ್ತದೆ.

ಮರುದಿನ ನಸುಕಿನಲ್ಲಿ ಶಹಾಪುರ ಬಿಟ್ಟು ಹತ್ತಿಗೂಡೂರಿನ ಕಡೆಗೆ ಹೊರಟೆವು. ಹಿಂದೆ ಬುದ್ಧ ಮಲಗಿದಂತೆ ಕಾಣುವ ಬೆಟ್ಟದ ಹಣೆ, ಮೂಗು, ಎದೆ ಒಂದೊಂದಾಗಿ ಬೆಳಕಿಗೆ ಬರುತ್ತಿದ್ದವು. ಖಾಲಿ ಗಾಡಿ, ಖಾಲಿ ರಸ್ತೆ. ಫೋನನ್ನು ಸೀಟಿನ ಕೆಳಗಿನ ತಗಡಿಗೆ ಟೇಪು ಸುತ್ತಿ ಬಿಗಿದಿದ್ದೆ. ಮೀಟರಿನ ಮುಳ್ಳನ್ನು ನಂಬದೆ ಇನ್ನೊಂದು ಫೋನಿನ ಜಿಪಿಎಸ್ ನೋಡಿಕೊಂಡು ತಮ್ಮ 54ರಲ್ಲಿ ನಿಲ್ಲಿಸಿದ. ಮೊದಲು ಐದನೇ ಗೇರಿನಲ್ಲಿ, ಆಮೇಲೆ ಅದೇ ವೇಗದಲ್ಲಿ ನಾಲ್ಕನೇ ಗೇರಿನಲ್ಲಿ. ಇಂಜಿನ್ನಿನ ದನಿ ಏರಿತು, ನಡುಕದ ದನಿ ಇದ್ದಲ್ಲೇ ಇತ್ತು. ಅಲ್ಲಿಗೆ ಇಂಜಿನ್, ಕ್ಲಚ್ ಎರಡರ ಮೇಲಿನ ಗುಮಾನಿಯೂ ಹೋಯಿತು. ದೋಷ ಗೇರ್ ಬಾಕ್ಸಿನ ಹಿಂದೆಯೇ.

ಗಾಡಿ ನಿಲ್ಲಿಸಿ ಫೋನ್ ಬಿಚ್ಚಿ ನೋಡಿದೆ. 7ರ ಹತ್ತಿರ ಒಂದು ಸಣ್ಣ ದಿಬ್ಬ, ಅದು ಚಕ್ರಗಳದ್ದು. 29ರ ಹತ್ತಿರ ದೊಡ್ಡ ಗುಡ್ಡ ಇರುತ್ತದೆ ಅಂತ ಕಾದಿದ್ದೆ. ಅಲ್ಲಿ ಏನೂ ಇರಲಿಲ್ಲ. ಗುಡ್ಡ ನಿಂತದ್ದು 57ರಲ್ಲಿ.

57 ಅಂದರೆ ಶಾಫ್ಟಿನ ಸುತ್ತಿನ ದುಪ್ಪಟ್ಟು. ಶಾಫ್ಟಿನ ತೂಕ ಒಂದು ಕಡೆ ಹೆಚ್ಚಾಗಿದ್ದರೆ ಅದು ಸುತ್ತಿಗೊಮ್ಮೆ ಒದೆಯಬೇಕು, 29ರಲ್ಲಿ. ಕಲಬುರಗಿಯಲ್ಲಿ ತೂಕ ಸರಿ ಮಾಡಿಸಿದರೂ ಯಾಕೆ ಉಪಯೋಗವಾಗಲಿಲ್ಲ ಅನ್ನುವುದು ಆ ಗೆರೆಯಲ್ಲೇ ಬರೆದಿತ್ತು. ಆದರೆ ಸುತ್ತಿಗೆ ಎರಡು ಸಲ ಒದೆಯುವುದು ಏನು? ನನಗೆ ತಿಳಿಯಲಿಲ್ಲ.

ಸುರಪುರದಲ್ಲಿ ಒಬ್ಬ ಹಿರಿಯ ಉಸ್ತಾದರಿದ್ದಾರೆ. 1982ರಲ್ಲಿ ನಾರಾಯಣಪುರ ಅಣೆಕಟ್ಟೆ ಮುಗಿದು ಕಾಲುವೆ ಅಗೆಯುವ ಕೆಲಸ ಊರೂರಿಗೆ ಹಬ್ಬಿದ ಕಾಲದಲ್ಲಿ ಜೀಪು, ಟಿಪ್ಪರುಗಳ ಕೆಳಗೆ ಮಲಗಿ ಕೆಲಸ ಕಲಿತವರು. ಈಗ ಕೈ ನಡುಗುತ್ತದೆ ಅಂತ ಸ್ಪಾನರ್ ಹಿಡಿಯುವುದಿಲ್ಲ, ಗ್ಯಾರೇಜಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ನಾನು ಫೋನಿನ ಗೆರೆ ತೋರಿಸಿ, ಶಾಫ್ಟು ಒಂದು ಸುತ್ತು ತಿರುಗುವುದರೊಳಗೆ ಎರಡು ಸಲ ನಡುಗುತ್ತದೆ ಅಂದೆ. ಅವರು ಗೆರೆಯನ್ನು ನೋಡಲಿಲ್ಲ, ನನ್ನ ಮುಖ ನೋಡಿದರು.

"ಎರಡು ಸಲ ಅಂದ್ರಿ? ಬರ್ರಿ ಇಲ್ಲಿ ಮಾಸ್ತರ."

ಗುಜರಿ ರಾಶಿಯಿಂದ ಕ್ರಾಸ್ ಸಮೇತ ಒಂದು ತುಂಡು ಶಾಫ್ಟನ್ನು ಹುಡುಗನ ಕೈಯಲ್ಲಿ ತರಿಸಿದರು. ಎರಡೂ ಕಡೆಯ ಯೋಕಿನ ಮೇಲೆ ಸುಣ್ಣದ ಗೆರೆ ಎಳೆಸಿದರು. ಎತ್ತಿನ ನೊಗಕ್ಕೆ ಇಂಗ್ಲಿಷಿನಲ್ಲಿ ಇರುವ ಹೆಸರೇ ಈ ಕವಲಿಗೂ ಬಂದಿದೆ. ನೆಟ್ಟಗೆ ಹಿಡಿದು ತಿರುಗಿಸಿದಾಗ ಎರಡು ಗೆರೆಯೂ ಜೋಡೆತ್ತಿನಂತೆ ಕೂಡಿಯೇ ನಡೆದವು. ಆಮೇಲೆ ಒಂದು ಕಡೆ ಬಗ್ಗಿಸಿ ಹಿಡಿಯಲು ಹೇಳಿ, ನನಗೆ ಕಾಲು ಕಾಲು ಸುತ್ತು ತಿರುಗಿಸು ಅಂದರು. ನನ್ನ ಕೈಯ ಕಡೆ ಸಮನಾಗಿ ತಿರುಗುತ್ತಿತ್ತು. ಆ ಕಡೆಯ ಗೆರೆ ಮಾತ್ರ ಒಮ್ಮೆ ಹಿಂದೆ ಬಿತ್ತು, ಮತ್ತೆ ಓಡಿ ಬಂದು ಕೂಡಿತು, ಮುಂದೆ ಹೋಯಿತು, ಮತ್ತೆ ಹಿಂದೆ. ಒಂದು ಸುತ್ತು ಮುಗಿಯುವಷ್ಟರಲ್ಲಿ ಎರಡು ಸಲ ಓಟ, ಎರಡು ಸಲ ತಡೆ.

ಕ್ಲಾಸಿನಲ್ಲಿ ವರ್ಷವರ್ಷ ಹುಕ್‌ನ ನಿಯಮ ಹೇಳಿದವನು ನಾನು. ಸ್ಪ್ರಿಂಗಿನ ಆ ನಿಯಮವನ್ನು 1678ರಲ್ಲಿ ಪ್ರಕಟಿಸಿದ ರಾಬರ್ಟ್ ಹುಕ್ ಅದಕ್ಕೂ ಎರಡು ವರ್ಷ ಮೊದಲು, 1676ರಲ್ಲಿ, ಇದೇ ಕೀಲಿನ ಬಗ್ಗೆ ಬರೆದಿದ್ದ. ಬಗ್ಗಿಸಿದಾಗ ಅದು ಸಮನಾಗಿ ತಿರುಗುವುದಿಲ್ಲ ಅನ್ನುವುದೂ ಅವನಿಗೆ ಗೊತ್ತಿತ್ತು. ಸೂರ್ಯಗಡಿಯಾರದ ನೆರಳು ನಡೆಯುವ ಏರುಪೇರಿಗೆ ಆ ಗುಣವನ್ನೇ ಹೊಂದಿಸಿ ನೋಡಿದ್ದ. 30 ಡಿಗ್ರಿ ಬಗ್ಗಿಸಿದರೆ ಆ ಕಡೆಯ ವೇಗ ಸುತ್ತಿನಲ್ಲಿ ಎರಡು ಸಲ ನೂರಕ್ಕೆ 15ರಷ್ಟು ಏರಿ 13ರಷ್ಟು ಇಳಿಯುತ್ತದೆ. 8 ಡಿಗ್ರಿಗೆ ಏರಿಳಿತ ನೂರಕ್ಕೆ ಒಂದೇ. ಆದರೆ ಅಷ್ಟು ಭಾರದ ಕಬ್ಬಿಣ ಸೆಕೆಂಡಿಗೆ 57 ಸಲ ಹೀಗೆ ಜಗ್ಗಿದರೆ ಆ ಒಂದೇ ಸಾಕು ಸೊಂಟ ಹಿಡಿಯಲು. ಹಾಗಾದರೆ ಎಲ್ಲ ಗಾಡಿಗಳೂ ಯಾಕೆ ನಡುಗುವುದಿಲ್ಲ? ಶಾಫ್ಟಿನ ಎರಡು ತುದಿಗೂ ಇಂಥ ಕೀಲು ಇರುತ್ತದೆ. ಎರಡೂ ಒಂದೇ ಕೋನದಲ್ಲಿ ಬಗ್ಗಿದ್ದರೆ ಈ ಕಡೆಯ ಓಟವನ್ನು ಆ ಕಡೆಯ ತಡೆ ನುಂಗಿಬಿಡುತ್ತದೆ. ಕೋನ ಬೇರೆ ಬೇರೆಯಾದರೆ ಉಳಿದ ಜಗ್ಗಾಟ ಗಾಡಿಯ ಮೈಗೆ ಬರುತ್ತದೆ.

ಉಸ್ತಾದರು ತಮ್ಮನ ಕಡೆ ತಿರುಗಿದರು. "ಹಿಂದ ಪಾಟಾ ಏನರ ಹಾಕ್ಸಿಯೇನಪ್ಪ?"

ತಮ್ಮ ಸುಮ್ಮನಾದ. ಆಮೇಲೆ ಹೇಳಿದ. "ಹೂಂರಿ. ದಸರಾದಾಗ. ಕಡಿಗೊಂದೊಂದು."

ನನಗೇ ಗೊತ್ತಿರಲಿಲ್ಲ. 75 ಕಿಲೋದ ನೆಲ್ಲಿನ ಚೀಲ, 20 ಹೇರಿದರೆ ಒಂದೂವರೆ ಟನ್, ನಮ್ಮ ಗಾಡಿ ಹೊರಬೇಕಾದದ್ದು ಅಷ್ಟೇ. ಸುಗ್ಗಿಯಲ್ಲಿ 28 ಹೇರುತ್ತಿದ್ದ. ಹಿಂದೆ ಕುಸಿಯದಿರಲಿ ಅಂತ ಎರಡೂ ಕಡೆಯ ಕಮಾನಿಗೆ ಒಂದೊಂದು ಪಾಟಾ, ಅಂದರೆ ಬಾಗಿದ ಉಕ್ಕಿನ ಪಟ್ಟಿ, ಕೂಡಿಸಿದ್ದ. ಗಾಡಿಗೆ ಬಲ ಕೊಟ್ಟ ಕೆಲಸ ಅದು, ನಡುಕಕ್ಕೆ ಕಾರಣವಾದೀತು ಅಂತ ಅವನ ಮನಸ್ಸಿಗೆ ಬಂದಿರಲೇ ಇಲ್ಲ. ಅದಕ್ಕೇ ಯಾವ ಮಿಸ್ತ್ರಿಗೂ ಹೇಳಿರಲಿಲ್ಲ.

ಗಾಡಿಯನ್ನು ಗ್ಯಾರೇಜಿನ ಗುಂಡಿಯ ಮೇಲೆ ತಂದು ಕೆಳಗಿಳಿದೆ. ಫೋನನ್ನೇ ಮಟ್ಟಗೋಲು ಮಾಡಿ ಮೊದಲು ಶಾಫ್ಟಿನ ಮುಂದಿನ ತುದಿಯ ಸೆಂಟರ್ ಬೇರಿಂಗಿನ ಕೀಲು, ಆಮೇಲೆ ಹಿಂದಿನ ತುದಿಯ ಆ್ಯಕ್ಸಲ್ ಹೌಸಿಂಗಿನ ಕೀಲು ಅಳೆದೆ. 4 ಡಿಗ್ರಿ, 8 ಡಿಗ್ರಿ. ಎರಡರ ನಡುವೆ ಒಂದು ಡಿಗ್ರಿಗಿಂತ ಹೆಚ್ಚಿನ ಅಂತರ ಇರಬಾರದು ಅನ್ನುವುದು ಈ ಕೆಲಸದ ಕಟ್ಟು. ಹೊಸ ಪಾಟಾದ ಕಮಾನು ಹಳೆಯವುಗಳಿಗೆ ಹೊಂದಿರಲಿಲ್ಲ. ಖಾಲಿ ಇದ್ದಾಗ ಗಾಡಿಯ ಹಿಂಬದಿಯನ್ನು ಎತ್ತಿ, ಹೌಸಿಂಗಿನ ಮೂತಿಯನ್ನೂ ತಿರುಗಿಸಿತ್ತು. ಲೋಡ್ ಬಿದ್ದು ಪಾಟಾ ಚಪ್ಪಟೆಯಾದರೆ ಮೂತಿ ತಿರುಗಿ ಜಾಗಕ್ಕೆ ಬರುತ್ತಿತ್ತು. ಪಕ್ಕದ ಅಂಗಡಿಯಿಂದ ಸಿಮೆಂಟ್ ಚೀಲ ತಂದು ಹೇರಿ ಅಳೆದು ನೋಡಿದೆವು. 2 ಮತ್ತು 3. ಅವ್ವ ಹೇಳಿದ ತೊಟ್ಟಿಲೂ ಬೀಸೋಕಲ್ಲೂ ಎರಡೂ ಆ ಗುಂಡಿಯಲ್ಲಿ ಕಣ್ಣ ಮುಂದೆ ಇದ್ದವು.

ಪಾಟಾ ಬಿಚ್ಚಲು ಎರಡು ತಾಸು ಹಿಡಿಯಿತು. ಹಳೆಯ ಯು ಬೋಲ್ಟುಗಳನ್ನು ಮತ್ತೆ ಹಾಕಲು ಉಸ್ತಾದರು ಬಿಡಲಿಲ್ಲ, ಹೊಸವನ್ನೇ ಹಾಕಿಸಿ, ನಾಲ್ಕು ದಿನ ಓಡಿಸಿದ ಮೇಲೆ ಬಂದು ಮತ್ತೊಮ್ಮೆ ಬಿಗಿಸಿಕೊಂಡು ಹೋಗಲು ತಾಕೀತು ಮಾಡಿದರು. ಖಾಲಿ ಗಾಡಿಯಲ್ಲಿ ಎರಡೂ ಕೀಲು 3 ಡಿಗ್ರಿಗೆ ಬಂದು ನಿಂತಿದ್ದವು. ಹತ್ತಿಗೂಡೂರಿನ ಅದೇ ರಸ್ತೆಯಲ್ಲಿ ಅದೇ 54ರಲ್ಲಿ ಮತ್ತೆ ಓಡಿಸಿದೆವು. 57ರ ಗುಡ್ಡ ಇದ್ದ ಕಡೆ ಬಯಲು. 7ರ ದಿಬ್ಬ ಮಾತ್ರ ಇತ್ತು, ಹಿಂದಿನ ಒಂದು ಟೈರಿನ ಸವಕಳಿಯದ್ದು. ತಮ್ಮ ಒಂದು ಕೈ ಸ್ಟೇರಿಂಗ್ ಮೇಲಿಟ್ಟು ಇನ್ನೊಂದು ಅಂಗೈಯನ್ನು ಸೀಟಿನ ಮೇಲೆ ಊರಿಕೊಂಡೇ ಊರ ತನಕ ಬಂದ.

ಆ ಸುಗ್ಗಿಯ ಉಳಿದ ದಿನಗಳಲ್ಲಿ ಅವನು 20 ಚೀಲದ ಮೇಲೆ ಹೇರಲಿಲ್ಲ. ದಿನಕ್ಕೆ ಒಂದು ಖೇಪು ಹೆಚ್ಚು ಓಡಿದ. ಬಿಚ್ಚಿದ ಪಾಟಾಗಳು ಗೋಡೆಗೆ ಆನಿಸಿಕೊಂಡು ಮಳೆಗಾಲದ ತನಕ ಅಂಗಳದಲ್ಲಿದ್ದವು. ಒಳ್ಳೆಯ ಉಕ್ಕು, ಕಮ್ಮಾರರಿಗೆ ಅದರ ಮೇಲೆ ಬಲು ಪ್ರೀತಿ. ಒಂದನ್ನು ಕಾಸಿ ಬಡಿಸಿ ಅವ್ವ ಎರಡು ಕುರ್ಪಿ ಮಾಡಿಸಿಕೊಂಡಳು. ಈಗ ತೊಗರಿ ಸಾಲಿನಲ್ಲಿ ಕಳೆ ತೆಗೆಯುವುದು ಅವುಗಳಿಂದಲೇ.