ಕೆಸರಿನಡಿ ಸಿಕ್ಕ ಮುಖಗಳು

2011ರ ಮಾರ್ಚ್ 11ರಂದು ಜಪಾನಿನ ಮೀನುಗಾರರ ಊರು ಓಫುನಾಟೊಗೆ ಸುನಾಮಿ ನುಗ್ಗಿದಾಗ ನೀರು ಸುಮಾರು 24 ಮೀಟರ್ ಎತ್ತರಕ್ಕೆ ಎದ್ದಿತ್ತು. ಜೀವ ಉಳಿದರೆ ಸಾಕೆಂದು ಜನ ಉಟ್ಟ ಬಟ್ಟೆಯಲ್ಲೇ ಓಡಿದರು. ನೀರಿಳಿದ ಮೇಲೆ ಕೆಸರು ತೆಗೆಯಲು ಬಂದವರಿಗೆ ಎಲ್ಲೆಲ್ಲೂ ಸಿಕ್ಕಿದ್ದು ಫೋಟೊಗಳು, ಆಲ್ಬಮ್‌ಗಳು. ಯಾರವೆಂದು ಗೊತ್ತಿರಲಿಲ್ಲ. ಎಸೆಯಲು ಮಾತ್ರ ಯಾರಿಗೂ ಮನಸ್ಸಾಗಲಿಲ್ಲ.

ಹಾಗೆ ಬಂದ ಸ್ವಯಂಸೇವಕರಲ್ಲಿ ಬೆಕಿ ಮ್ಯಾನ್ಸನ್ ಒಬ್ಬರು. ನ್ಯೂಯಾರ್ಕಿನಲ್ಲಿ ಅವರದು ಫೋಟೊ ತಿದ್ದುವ ವೃತ್ತಿ. ತೆಳ್ಳಗಿನ ರೂಪದರ್ಶಿಯನ್ನು ಇನ್ನಷ್ಟು ತೆಳ್ಳಗೆ, ನುಣುಪು ಚರ್ಮವನ್ನು ಇನ್ನಷ್ಟು ನುಣುಪು ಮಾಡುವುದೇ ದಿನನಿತ್ಯದ ಕೆಲಸ. ಓಫುನಾಟೊದಲ್ಲಿ ಆ ವಿದ್ಯೆಯನ್ನು ಕೇಳುವವರಿರಲಿಲ್ಲ. ಅವರು ಸೇರಿದ್ದ ‘ಆಲ್ ಹ್ಯಾಂಡ್ಸ್’ ಸ್ವಯಂಸೇವಕರ ತಂಡದವರು ಅಲ್ಲಿ ಚರಂಡಿ ಬಳಿಯುತ್ತಿದ್ದರು, ಕೊಳೆತ ಮೀನಿನ ರಾಶಿ ಎತ್ತುತ್ತಿದ್ದರು. ಮೊದಲ ವಾರದ ಕೊನೆಗೆ ಬೆಕಿಯ ಪಾಲಿಗೆ ಬಂದದ್ದು ನಿರಾಶ್ರಿತರ ಕೇಂದ್ರದ ಸ್ನಾನದ ತೊಟ್ಟಿಗಳನ್ನು ತೊಳೆಯುವ ಕೆಲಸ.

ಊರವರು ಫೋಟೊಗಳನ್ನು ತಂದೊಪ್ಪಿಸುತ್ತಿದ್ದುದೂ ಅದೇ ಕೇಂದ್ರಕ್ಕೆ. ತೊಟ್ಟಿ ತೊಳೆಯಲು ಬಂದವರ ಕೈಗೆ ಅಲ್ಲಿನವರು ಫೋಟೊ ತೊಳೆಯುವ ಕೆಲಸವನ್ನೂ ನಂಬಿ ಕೊಟ್ಟರು. ನೂರು ವರ್ಷ ದಾಟಿದ ಚಿತ್ರಗಳಿದ್ದವು. ಸ್ಟುಡಿಯೊದ ಲಕೋಟೆಯಿಂದ ಹೊರಗೇ ಬರದ ಚಿತ್ರಗಳೂ ಇದ್ದವು. ಈ ಹರಕನ್ನು ಕೂಡಿಸಬಹುದು, ಈ ಗೀರನ್ನು ಅಳಿಸಬಹುದು ಎಂದು ಬೆಕಿಗೆ ಹೊಳೆದದ್ದು ಆಗಲೇ. ಅಂದು ಸಂಜೆ ಫೇಸ್‌ಬುಕ್‌ನಲ್ಲಿ ಕೆಲವು ಸ್ನೇಹಿತರ ನೆರವು ಕೇಳಿದರು. ಬೆಳಗಾಗುವಷ್ಟರಲ್ಲಿ ಒಪ್ಪಿಗೆಯ ಸಂದೇಶಗಳು ಬಂದು ಬಿದ್ದಿದ್ದವು. ಮುಂದೆ ಇನ್ನೊಮ್ಮೆ ಕರೆಕೊಟ್ಟಾಗ ಐದೇ ದಿನಗಳಲ್ಲಿ 12 ದೇಶಗಳ 80 ಜನ ಮುಂದೆ ಬಂದರು.

ಕೆಲಸ ಸುಲಭದ್ದಾಗಿರಲಿಲ್ಲ. ಉಪ್ಪುನೀರು, ಕೊಳಚೆ, ಎಣ್ಣೆ ಮೆತ್ತಿದ್ದ ಫೋಟೊ ದಿನೇ ದಿನೇ ಹಾಳಾಗುತ್ತಿತ್ತು. ತೊಳೆಯದೆ ತಿದ್ದುವಂತಿರಲಿಲ್ಲ, ತೊಳೆಯುವಾಗ ಕೈ ತಪ್ಪಿದರೆ ಚಿತ್ರವೇ ಅಳಿಸಿಹೋಗುತ್ತಿತ್ತು. ಇದು ಹಚ್ಚೆ ಹಾಕಿದ ಹಾಗೆ, ತಪ್ಪಿದರೆ ಮತ್ತೊಂದು ಅವಕಾಶವಿಲ್ಲ ಎಂದು ತಂಡದವರೊಬ್ಬರು ಎಚ್ಚರಿಸಿದ್ದರು. ಸ್ಥಳೀಯ ಮಹಿಳೆಯೊಬ್ಬರು ಕೈಹಿಡಿದು ಕಲಿಸಿದರು.

ಮುಖದ ವಿಷಯ ಇನ್ನೂ ಕಠಿಣ. ಮೊದಲು ತಿದ್ದಿದ ಫೋಟೊದಲ್ಲಿ ಪುಟ್ಟ ಹುಡುಗಿಯ ಮುಖದ ಮೇಲೆ ನೀರಿನ ಕಲೆಯಿತ್ತು. ಕಲೆ ತೆಗೆಯುವಾಗ ಕೆನ್ನೆಯ ರೇಖೆ ಕೂದಲೆಳೆಯಷ್ಟು ಬದಲಾದರೂ ಅವಳು ಆ ಮನೆಯ ಮಗಳಾಗಿ ಉಳಿಯುತ್ತಿರಲಿಲ್ಲ. ಕಿಮೊನೊದ ಬಣ್ಣವನ್ನು ಉಳಿದ ಚೂರುಗಳಿಂದ ಜೋಡಿಸಬಹುದಿತ್ತು. ಪೂರ್ತಿ ಅಳಿದ ಮುಖವನ್ನು ಊಹಿಸಿ ಬರೆಯುವಂತಿರಲಿಲ್ಲ. ಒಬ್ಬ ತಾಯಿ ತಂದ ಫೋಟೊದಲ್ಲಿ ಆಕೆಯ ಮುಖವೂ ಗಂಡನ ಮುಖವೂ ಹಾಳಾಗಿದ್ದವು. ಪುಣ್ಯಕ್ಕೆ ಅದೇ ಚಿತ್ರದ ಇನ್ನೊಂದು ಪ್ರತಿ ಆಕೆಯ ಬಳಿ ಇತ್ತು. ಒಂದರಲ್ಲಿ ಅಳಿದದ್ದು ಇನ್ನೊಂದರಲ್ಲಿ ಸಿಕ್ಕಿತು. ಎರಡು ಸೇರಿ ಒಂದಾಯಿತು. ಆ ಫೋಟೊ ಕೈಸೇರಿದ ದಿನವೇ ಕಿರಿಯ ಮಗನ ಹುಟ್ಟುಹಬ್ಬವಿತ್ತು.

ಆರು ತಿಂಗಳಲ್ಲಿ 1,35,000ಕ್ಕೂ ಹೆಚ್ಚು ಫೋಟೊಗಳನ್ನು ಕೈಯಲ್ಲೇ ತೊಳೆಯಲಾಯಿತು. ಜಗತ್ತಿನ ಮೂಲೆಮೂಲೆಯ 500ಕ್ಕೂ ಹೆಚ್ಚು ಜನ ಸ್ಕ್ಯಾನ್ ಪ್ರತಿಗಳನ್ನು ಕುಳಿತಲ್ಲಿಂದಲೇ ತಿದ್ದಿ, 90 ಕುಟುಂಬಗಳಿಗೆ ನೂರಾರು ಚಿತ್ರಗಳನ್ನು ಮರಳಿಸಿದರು.

ಇಷ್ಟು ನೀರು ಕುಡಿದೂ ಫೋಟೊ ಉಳಿಯುವುದು ಹೇಗೆ? ಸ್ಟುಡಿಯೊದ ಬಣ್ಣದ ಫೋಟೊದಲ್ಲಿ ಚಿತ್ರ ಇರುವುದು ಕಾಗದದ ಮೇಲಿನ ಜೆಲಾಟಿನ್ ಪದರಗಳಲ್ಲಿ. ಮೇಲಿನದು ಹಸಿರುನೀಲಿ, ನಡುವಿನದು ಕೆನ್ನೇರಳೆ, ತಳದ್ದು ಹಳದಿ. ಬ್ಯಾಕ್ಟೀರಿಯಾ ಜೆಲಾಟಿನ್ನನ್ನು ಮೇಲಿನಿಂದ ತಿನ್ನುತ್ತಾ ಇಳಿಯುವುದರಿಂದ ಫೋಟೊ ಮೊದಲು ಕೆಂಪಾಗಿ, ಆಮೇಲೆ ಹಳದಿಯಾಗಿ, ಕೊನೆಗೆ ಬಿಳಿಯಾಗಿ ಕಾಣುತ್ತದೆ. ಕೆಂಪಾದಲ್ಲಿ ಕಣ್ಣುಮೂಗಿನ ಗೆರೆಗಳು ಕೆಳಪದರಗಳಲ್ಲಿ ಇನ್ನೂ ಉಳಿದಿರುತ್ತವೆ; ಕಂಪ್ಯೂಟರ್ ಅವನ್ನು ಎತ್ತಿ ತೋರಿಸಬಲ್ಲದು. ಬಿಳಿಯಾದಲ್ಲಿ ಬರೀ ಕಾಗದ.

ನಮ್ಮಲ್ಲೂ 2009ರಲ್ಲಿ, 2020ರಲ್ಲಿ ಭೀಮಾ ನದಿ ಉಕ್ಕಿ ಇಂಡಿ, ಸಿಂದಗಿ ಕಡೆಯ ನದಿದಂಡೆಯ ಊರುಗಳಿಗೆ ನುಗ್ಗಿತ್ತು. ಅಲ್ಲಿಗೂ ಈ ಪಾಠ ಸಲ್ಲುತ್ತದೆ. ನೆನೆದ ಫೋಟೊವನ್ನು ಉಜ್ಜಬಾರದು. ತಣ್ಣನೆಯ ಶುದ್ಧ ನೀರಿನಲ್ಲಿ ಅದ್ದಿ ತೆಗೆದು ನೆರಳಲ್ಲಿ ಒಣಗಿಸಬೇಕು. ಇಂಕ್‌ಜೆಟ್ ಪ್ರಿಂಟನ್ನು ಮಾತ್ರ ನೀರಿಗೆ ಹಾಕಬಾರದು. ಕಟ್ಟು ಹಾಕಿಸಿದ ಫೋಟೊ ಗಾಜಿಗಂಟಿ ಒಣಗಿದ್ದರೆ ಕೀಳದೆ, ಗಾಜಿನ ಸಮೇತ ಸ್ಕ್ಯಾನ್ ಮಾಡಿಸಬೇಕು. ಕೆಸರಾಯಿತೆಂದು ತಿಪ್ಪೆಗೆ ಎಸೆದ ಫೋಟೊವನ್ನು ಯಾವ ತಂತ್ರಜ್ಞಾನವೂ ತಿರುಗಿ ಕೊಡಲಾರದು.