ಪುಟ್ಟಿ ಕಟ್ಟೆಯಿಂದ ಇಳಿದದ್ದು



ಅಜ್ಜಿಯ ಅಡುಗೆಮನೆಯ ನೆಲುವು ನೆನಪಿದೆಯೇ? ಹಾಲು, ಬೆಣ್ಣೆಯ ಗಡಿಗೆಗಳನ್ನು ಜಂತಿಯಿಂದ ಹಗ್ಗದಲ್ಲಿ ತೂಗುಹಾಕುತ್ತಿದ್ದರಲ್ಲ, ಅದೇ. ಬೆಕ್ಕಿಗೆ ಬುದ್ಧಿ ಹೇಳುವುದಕ್ಕಿಂತ ಹಾಲನ್ನು ಮೇಲೇರಿಸುವುದು ಸುಲಭ ಎಂದು ಅವರಿಗೆ ಗೊತ್ತಿತ್ತು. ತೆನಾಲಿ ರಾಮನ ದಾರಿ ಬೇರೆ. ಸುಡುವ ಹಾಲಿಟ್ಟು ಬೆಕ್ಕಿನ ಬಾಯಿ ಸುಟ್ಟ; ಆಮೇಲೆ ಅದು ಹಾಲು ಕಂಡರೇ ಓಡುತ್ತಿತ್ತಂತೆ! ಕಥೆಯಲ್ಲಿ ಚೆನ್ನ. ಮನೆಯ ಬೆಕ್ಕಿಗೆ ಅಜ್ಜಿಯ ದಾರಿಯೇ ಸರಿ ಎನ್ನುವವಳು ನಾನು.

ಮಸ್ಕತ್ತಿನಲ್ಲಿ ಬೆಕ್ಕಿಗೇನು ಬರವೇ? ನಮ್ಮ ಪುಟ್ಟಿಯೂ ರೂವಿಯ ಬೀದಿಯಿಂದ ಬಂದವಳು. ಊರಿನಿಂದ ಅತ್ತೆಯವರು ಬಂದ ಮೇಲೆ ಪೇಚಾಟ ಶುರುವಾಯಿತು. "ಬೆಕ್ಕು ಹತ್ತಿದ ಕಟ್ಟೆ ಮೇಲೆ ನೈವೇದ್ಯ ಹೇಗಮ್ಮಾ ಮಾಡೋದು? ಅದನ್ನ ಹೊರಗೆ ಬಿಟ್ಟುಬಿಡು" ಅಂದರು. ಅವರದೂ ನ್ಯಾಯವೇ. ಕಕ್ಕಸಿನ ಮರಳು ಕೆದರಿದ ಕಾಲಲ್ಲವೇ ಅದು! ಆದರೆ ಆಗ ಜೂನ್ ತಿಂಗಳು. ಇದೇ ಒಮಾನಿನ ಕುರಿಯಾತ್‌ನಲ್ಲಿ 2018ರ ಜೂನ್ 26ರಂದು ದಿನದ ಕನಿಷ್ಠ ತಾಪಮಾನವೇ 42.6 ಡಿಗ್ರಿ ಇತ್ತು. ಮನೆಯ ತಂಪಿಗೆ ಒಗ್ಗಿದ ಜೀವವನ್ನು ಆ ಬಿಸಿಲಿಗೆ ದೂಡುವುದು ಹೇಗೆ? "ಹದಿನೈದು ದಿನ ಟೈಮ್ ಕೊಡಿ ಅತ್ತೆ" ಎಂದು ಕೇಳಿಕೊಂಡೆ.

ಬೆಕ್ಕು ಕಟ್ಟೆ ಹತ್ತುವುದು ಹಟಕ್ಕಲ್ಲ. ಎತ್ತರದಿಂದ ಎಲ್ಲವನ್ನೂ ನೋಡಬೇಕು, ತಿನ್ನಲು ಏನಾದರೂ ಸಿಗಬೇಕು, ತೊಟ್ಟಿಕ್ಕುವ ನಲ್ಲಿಯ ನೀರು ಬೇಕು. ಮೊದಲು ನಲ್ಲಿ ರಿಪೇರಿ ಮಾಡಿಸಿದೆವು. ಹಾಲು, ಎಂಜಲು ತಟ್ಟೆ ಯಾವುದೂ ಕಟ್ಟೆಯ ಮೇಲೆ ಉಳಿಯದ ಹಾಗೆ ನೋಡಿಕೊಂಡೆವು. ಆಮೇಲೆ ಅಡುಗೆಮನೆ ಬಾಗಿಲ ಹತ್ತಿರ, ಕಟ್ಟೆಗಿಂತ ಎತ್ತರದ ಗಟ್ಟಿಯಾದ ಒಂದು ಸ್ಟ್ಯಾಂಡ್ ಇಟ್ಟು ಹಳೆ ಸೀರೆ ಹಾಸಿದೆ. ಅಲ್ಲಿ ಕೂತಾಗಲೆಲ್ಲ, ಆ ಕ್ಷಣವೇ, ಬೆಕ್ಕಿನ ತಿಂಡಿಯ ಒಂದೇ ಒಂದು ಕಾಳು. ಕಟ್ಟೆ ಹತ್ತಿದರೆ ಬೈಗುಳವಿಲ್ಲ, ಮುದ್ದೂ ಇಲ್ಲ. ಸುಮ್ಮನೆ ಎತ್ತಿ ಕೆಳಗಿಡುವುದು. ಕಟ್ಟೆಯ ಅಂಚಿಗೆ ಎರಡೂ ಬದಿ ಅಂಟುವ ಟೇಪ್ ಹಚ್ಚಿದ ರಟ್ಟು ಇಟ್ಟೆ. ಕಾಲಿಗೆ ಅಂಟಿದರೆ ಬೆಕ್ಕಿಗೆ ಆಗದು, ನೋವೂ ಇಲ್ಲ.

ನೀರು ಚಿಮ್ಮಿಸಿ ಎಂದು ಹೇಳುವವರಿದ್ದಾರೆ. ಕಣ್ಣು ಮುಚ್ಚಿ ಹಾಲು ಕುಡಿಯುವ ಜಾತಿ ಇದು! ಅದರಿಂದ ಕಲಿಯುವುದು "ಅಮ್ಮ ಇಲ್ಲದಾಗ ಹತ್ತಬೇಕು" ಎಂಬುದನ್ನಷ್ಟೇ. ಖಾರದ ಪುಡಿ, ನುಸಿಗುಳಿಗೆ, ಫಿನಾಯಿಲ್, ನೀಲಗಿರಿ ಎಣ್ಣೆ ಇವನ್ನಂತೂ ಬಳಸಲೇಬೇಡಿ. ಬೆಕ್ಕು ಕಾಲು ನೆಕ್ಕಿಕೊಳ್ಳುತ್ತದೆ, ಅದೇ ಕಾಲಿನಿಂದ ಮುಖ ಒರೆಸಿಕೊಳ್ಳುತ್ತದೆ. ಖಾರ ಕಣ್ಣಿಗೆ, ವಿಷ ಹೊಟ್ಟೆಗೆ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಅಡುಗೆಯೂ ಬೆಕ್ಕಿನ ರಕ್ತಕಣಗಳನ್ನು ಹಾಳುಮಾಡುತ್ತದೆ. ಊಟದ ಮೇಜಿನ ಹೂದಾನಿಯಲ್ಲಿ ಲಿಲ್ಲಿ ಹೂವೂ ಬೇಡ. ಅದರ ಪರಾಗ ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ಕೆಡಬಹುದು.

ಹದಿನೈದು ದಿನ ಇಪ್ಪತ್ತೆರಡಾಯಿತು, ಅತ್ತೆ ಎಣಿಸಲಿಲ್ಲ. ಈಗ ಅವರು ದೋಸೆ ಹುಯ್ಯುವಾಗ ಪುಟ್ಟಿ ಸ್ಟ್ಯಾಂಡಿನ ಮೇಲಿಂದ ಮೇಲ್ವಿಚಾರಣೆ ಮಾಡುತ್ತಾಳೆ. ಕಾಳು ಕೊಡುವ ಕೆಲಸವೂ ಅವರದೇ. ಆದರೂ ಅಡುಗೆಗೆ ಮುಂಚೆ ಕಟ್ಟೆ ಒರೆಸುವುದನ್ನು ಅವರು ಬಿಟ್ಟಿಲ್ಲ. ಬಿಡಲೂಬಾರದು.

ಕೊನೆಗೆ ಒಲೆಯ ವಿಷಯ. ಮುಟ್ಟಿದರೆ ಹತ್ತಿಕೊಳ್ಳುವ ವಿದ್ಯುತ್ ಒಲೆಯನ್ನು ಬೆಕ್ಕಿನ ಕಾಲೂ ಹಚ್ಚಬಲ್ಲದು. 2019ರ ಜನವರಿಯಿಂದ 2021ರ ನವೆಂಬರ್‌ವರೆಗೆ ದಕ್ಷಿಣ ಕೊರಿಯಾದ ಸಿಯೋಲ್‌ನಲ್ಲಿ 107 ಮನೆ ಬೆಂಕಿಗಳಿಗೆ ಬೆಕ್ಕುಗಳು ಕಾರಣವೆಂದು ಅಲ್ಲಿನ ಅಗ್ನಿಶಾಮಕ ಇಲಾಖೆ ಹೇಳಿತ್ತು. ನಿಮ್ಮ ಒಲೆಗೆ ಮಕ್ಕಳ ಲಾಕ್ ಇದ್ದರೆ ಹೊರಡುವಾಗ ಹಾಕಿ, ಮೇನ್ ಸ್ವಿಚ್ ಆರಿಸಿ. ಗ್ಯಾಸ್ ಒಲೆಯಾದರೆ ರೆಗ್ಯುಲೇಟರ್ ಮುಚ್ಚಿ.